ಗಂಗೆಯ ದೋಟಿ ಮುಟ್ಟಿದಷ್ಟು ಎತ್ತರ

ನನಗೆ ಕೋಪ ಬೇಗ ಬರ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕಥೆಯಲ್ಲಿ ಅದು ಎರಡು ಮೂರು ಸಲ ಬಂದು ನನ್ನ ಮಾನ ಕಳೆಯುತ್ತದೆ. ಅಂಕೋಲೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವ ನಾನು. ಮಾದೇವ ಮಾಸ್ತರ ಬಂದರು ಅಂದರೆ ಮಕ್ಕಳು ದಾರಿ ಬದಲಿಸುತ್ತಿದ್ದರು. ಅಂಥ ನನಗೆ, ಒಂದಕ್ಷರ ಓದಲು ಬಾರದ ಗಂಗೆ, ಎಲೆ ಅಂದರೆ ಎಂಥದು ಅಂತ ಕಲಿಸಿದಳು. ನಮ್ಮ ಮನೆಯವಳು ಕಲಾವತಿ ಈಗಲೂ ಯಾರಾದರೂ ನೆಂಟರು ಬಂದರೆ ಈ ಸುದ್ದಿ ತೆಗೆಯದೆ ಚಾ ಕೊಡುವುದಿಲ್ಲ. ಅವಳು ಹೇಳಿದರೆ ಒಂದಕ್ಕೆ ಎರಡು ಸೇರಿಸುತ್ತಾಳೆ. ಅದಕ್ಕಿಂತ ನಾನೇ ಹೇಳುವುದು ವಾಸಿ.

ನಮ್ಮ ಮನೆ ಶೆಟಗೇರಿಯಲ್ಲಿ. ಆದರೆ ಅಪ್ಪನ ಕಾಲದ ಒಂದು ತುಂಡು ಜಾಗ ಸುಂಕಸಾಳದಲ್ಲಿತ್ತು, ಯಲ್ಲಾಪುರದ ಹೆದ್ದಾರಿಗೆ ತಾಗಿಯೇ. ಅಲ್ಲಿ ಒಂದು ಕರಿ ಈಶಾಡ ಮಾವಿನ ಮರ, ಮರದ ಆಚೆ ಬದಿಗೆ ಒಂದು ಹೆಂಚಿನ ಮನೆ. ಆ ಮನೆಯಲ್ಲಿ ಗಂಗೆ, ಅವಳ ಗಂಡ ಜಟ್ಟ, ಮಗಳು ಕುಸುಮಾ. ಜಾಗ ನೋಡಿಕೊಳ್ಳುವುದು ಅವರ ಕೆಲಸ, ಹಣ್ಣಿನಲ್ಲಿ ಅರ್ಧ ಅವರದ್ದು. ಜಟ್ಟನ ಅಪ್ಪನಿಗೂ ನನ್ನ ಅಪ್ಪನಿಗೂ ಆದ ಮಾತು ಅದು, ಕಾಗದ ಪತ್ರ ಏನೂ ಇಲ್ಲ.

ಗಂಗೆ ಹದಿನೆಂಟಕ್ಕೆ ಮದುವೆಯಾಗಿ ಆ ಮನೆಗೆ ಬಂದವಳು. ಮಳೆಗಾಲದಲ್ಲಿ ಊರವರ ಗದ್ದೆಯಲ್ಲಿ ನಾಟಿ, ಕಳೆ. ಮಳೆ ಹೋದ ಮೇಲೆ ಮನೆ ಹಿಂದೆ ಹರಿವೆ, ಬಸಳೆ, ಮೂಲಂಗಿ ಬೆಳೆಸಿ ಅಂಕೋಲೆ ಪೇಟೆಯಲ್ಲಿ ಕೂತು ಮಾರುವುದು. ಜಟ್ಟ ಚಿರೆಕಲ್ಲು ಕಡಿಯುವ ಕೆಲಸಕ್ಕೆ ಹೋಗುತ್ತಿದ್ದ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅಂಥ ಸಾಧು ಮನುಷ್ಯ. ಗಂಗೆಯೂ ಗಲಾಟೆಯವಳಲ್ಲ, ಆದರೆ ಪಟ್ಟು ಹಿಡಿದರೆ ಮುಗಿಯಿತು. ಒಮ್ಮೆ ಕಂಡಕ್ಟರನೊಬ್ಬ ಅವಳ ಸೊಪ್ಪಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸುವುದಿಲ್ಲ ಅಂದ. ಗಂಗೆ ಬೈಯಲಿಲ್ಲ, ಅಳಲಿಲ್ಲ. ಬುಟ್ಟಿ ಇಟ್ಟುಕೊಂಡು ಬಸ್ಸಿನ ಮುಂದೆ ಹೋಗಿ ಕೂತಳು, ಎಲೆ ಅಡಿಕೆ ಹಾಕಿಕೊಂಡಳು. ಅರ್ಧ ಗಂಟೆ ಕಳೆದ ಮೇಲೆ ಕಂಡಕ್ಟರನೇ ಬುಟ್ಟಿ ಎತ್ತಿ ಒಳಗಿಟ್ಟ. ಆ ಬಸ್ಸಿನಲ್ಲಿ ನಾನೂ ಇದ್ದೆ, ಶಾಲೆಗೆ ತಡವಾಯಿತು ಅಂತ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೂಗಿದವನೂ ನಾನೇ.

೨೦೦೪ರ ಹೊತ್ತಿಗೆ ಘಟ್ಟದ ಮೇಲಿನಿಂದ ಬಂದರಿಗೆ ಕಬ್ಬಿಣದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯತೊಡಗಿದವು. ಬಾಳೆಗುಳಿ ಕ್ರಾಸಿನಲ್ಲಿ ರಸ್ತೆ ದಾಟಬೇಕಾದರೆ ಕಾಲು ಗಂಟೆ ಕಾಯಬೇಕು. ಸುಂಕಸಾಳದಲ್ಲಂತೂ ಅದಿರಿನ ಧೂಳಿಗೆ ರಸ್ತೆಯ ಎರಡೂ ಬದಿ ಕೆಂಪು. ಮನೆಯ ಮಾಡು ಕೆಂಪು, ಎಮ್ಮೆಯ ಬೆನ್ನು ಕೆಂಪು, ಮುಚ್ಚಿಟ್ಟ ಅನ್ನದ ಪಾತ್ರೆಯ ಮುಚ್ಚಳವೂ ಕೆಂಪು. ಊರಲ್ಲಿ ಬಿಳಿ ನಾಯಿ ಯಾವುದು, ಕಂದು ನಾಯಿ ಯಾವುದು ಗೊತ್ತಾಗದ ಹಾಗಾಯಿತು. ಮರುವರ್ಷ ನಮ್ಮ ಮರ ಹೂವನ್ನೇ ಬಿಡಲಿಲ್ಲ.

ನಮ್ಮ ಕಡೆಯವರಿಗೆ ಒಂದು ಅಭ್ಯಾಸ. ಮರ ಸೊರಗಿತು ಅಂದರೆ ಅದಕ್ಕೆ ಹಸಿವಾಗಿದೆ, ಹಸಿವಾದರೆ ಮೀನು ಹಾಕಬೇಕು. ತೆಂಗಾದರೂ ಅಷ್ಟೇ, ಮಾವಾದರೂ ಅಷ್ಟೇ. ಬುಡ ಬಿಡಿಸಿ, ಒಣಗಿಸಿದ ತಾರ್ಲೆ ಮೀನು ಸುರಿದು, ಮೇಲೆ ಕಲ್ಲುಪ್ಪು ಉದುರಿಸಿ, ಮಣ್ಣು ಮುಚ್ಚುವುದು. ಜಟ್ಟ ಕಾರವಾರದ ಬೈತಖೋಲ ಬಂದರಿಗೆ ಹೋಗಿ ಎರಡು ಚೀಲ ಗೊಬ್ಬರದ ಮೀನು ತಂದ. ಗಂಗೆ ಬುಡ ಬಿಡಿಸಿ ತುಂಬಿದಳು. ಸುಂಕಸಾಳದ ನಾಯಿಗಳೆಲ್ಲ ಸೇರಿ ಅಗೆದವು, ಇವಳು ಮತ್ತೆ ಮುಚ್ಚಿದಳು. ಬಸ್ಸಿನವರು ಆ ಜಾಗ ಬಂದಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಹೋಗಿ ನೋಡಿ, ಶಾಬಾಸ್, ಇನ್ನೊಂದು ಚೀಲ ಹಾಕು, ಉಪ್ಪು ಸಾಲದು ಅಂತ ಬೇರೆ ಹೇಳಿ ಬಂದೆ.

ಹೇಳಲು ನಾಚಿಕೆಯಾಗುತ್ತದೆ. ಅದೇ ವಾರ ನಾನು ಕುಸುಮಾ ಇದ್ದ ಒಂಬತ್ತನೆಯ ತರಗತಿಗೆ ದ್ಯುತಿಸಂಶ್ಲೇಷಣೆಯ ನೋಟ್ಸ್ ಬರೆಸಿದ್ದೆ. ಹಸಿರು ಎಲೆಗಳು ಬೆಳಕಿನ ಸಹಾಯದಿಂದ, ಬೇರು ತಂದ ನೀರು ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿಸಿ ಆಹಾರ ತಯಾರಿಸುತ್ತವೆ. ಬೇರು ಆಹಾರ ಮಾಡುವುದಿಲ್ಲ, ನೀರು ಮತ್ತು ಲವಣ ಮಾತ್ರ ತರುತ್ತದೆ. ಇಷ್ಟನ್ನೂ ಬಾಯಿಪಾಠ ಮಾಡಿಸಿದ ನಾನೇ, ಮರದ ಕೆಳಗೆ ನಿಂತು ಇನ್ನೊಂದು ಚೀಲ ಮೀನು ಅಂದವ. ಪಾಠ ಶಾಲೆಯಲ್ಲಿತ್ತು, ಮರ ಸುಂಕಸಾಳದಲ್ಲಿತ್ತು. ಎರಡಕ್ಕೂ ಸಂಬಂಧ ಉಂಟು ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ.

೨೦೦೬ರ ಮಾರ್ಚಿಗೂ ಮರದಲ್ಲಿ ಕಾಯಿಯ ಸುಳಿವಿಲ್ಲ. ಬಾಳೆಗುಳಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟಿದ್ದ ತುಳಸಿದಾಸ ಆಗಲೇ ನಾಲ್ಕು ಸಲ ನಮ್ಮ ಮನೆಗೆ ಬಂದಿದ್ದ. ಸುಂಕಸಾಳದ ಜಾಗ ತನಗೆ ಕೊಡಿ, ಮರ ಕಡಿದು ಅಲ್ಲೊಂದು ಗ್ಯಾರೇಜು ಹಾಕ್ತೆ ಅಂತ. ಮರ ಹೋದರೆ ಅದರ ಹಿಂದಿನ ಮನೆಯೂ ಹೋಗಬೇಕು, ಲಾರಿ ನಿಲ್ಲಲು ಜಾಗ ಬೇಕಲ್ಲ. ಐದನೆಯ ಸಲ ನಾನು ಹೂಂ ಅಂದೆ. ಯುಗಾದಿ ಕಳೆದ ಮೇಲೆ ಕಡಿಯುವುದು ಅಂತಾಯಿತು. ಗಂಗೆಗೆ ಹೇಳಲು ನಾನೇ ಹೋದೆ. ಅವಳು ಹರಿವೆ ಕೀಳುತ್ತಿದ್ದವಳು ತಲೆ ಎತ್ತಿ ಪೂರ್ತಿ ಕೇಳಿ, ಮತ್ತೆ ಹರಿವೆ ಕೀಳತೊಡಗಿದಳು. ಒಪ್ಪಿದಳು ಅಂದುಕೊಂಡು ಬಂದೆ.

ಮೂರನೆಯ ದಿನ ಬೆಳಿಗ್ಗೆ ಅವಳು ಶೆಟಗೇರಿಯ ನಮ್ಮ ಅಂಗಳದಲ್ಲಿ ನಿಂತಿದ್ದಳು. ಮರದಲ್ಲಿ ಹದಿನೇಳು ಮಿಡಿ ಉಂಟು ಅಂದಳು. ನಾನು ನಕ್ಕೆ. ಅಷ್ಟು ದೊಡ್ಡ ಮರದಲ್ಲಿ ಹದಿನೇಳು ಮಿಡಿ ಇದ್ದರೆಷ್ಟು, ಬಿಟ್ಟರೆಷ್ಟು? ಅವಳು ನಗಲಿಲ್ಲ. ಹದಿನೇಳೂ ಒಂದೇ ಕೊಂಬೆಯಲ್ಲಿವೆ, ಬಚ್ಚಲ ಬದಿಗೆ ಬಾಗಿದ ಕೊಂಬೆಯಲ್ಲಿ, ಅಂತ ವಿವರಿಸಿದಳು. ಆ ಕೊಂಬೆಯ ಕೆಳಗೆ ಅವಳು ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಳು. ಮೇಲಿನ ಎಲೆಯ ಧೂಳು ಉದುರಿ ಮಗಳ ಶಾಲೆಯ ಬಿಳಿ ಅಂಗಿ ಕೆಂಪಾಗುತ್ತದೆ ಅಂತ, ದಿನಾ ಬೆಳಿಗ್ಗೆ ಬಟ್ಟೆ ಹಾಕುವ ಮೊದಲು ಒದ್ದೆ ಅರಿವೆಯಿಂದ ಆ ಎಲೆಗಳನ್ನು ಒರೆಸುತ್ತಿದ್ದಳು. ಕಳೆದೊಂದು ವರ್ಷದಿಂದ ಒರೆಸಿದ್ದು ಆ ಕೊಂಬೆಯೊಂದನ್ನೇ.

"ಮಾಸ್ತರೇ, ಮೀನು ಹಾಕಿದ್ದು ಬುಡಕ್ಕೆ. ಬುಡ ಎಲ್ಲಾ ಕೊಂಬೆಗೂ ಒಂದೇ. ಮತ್ತೆ ಕಾಯಿ ಆ ಕೊಂಬೆಗೆ ಮಾತ್ರ ಎಂತಕೆ?"

ಏನೋ ಹಾಗೇ ಆಗಿರ್ತದೆ, ಮರದ ಲೆಕ್ಕ ಯಾರಿಗೆ ಗೊತ್ತು ಅಂದೆ ನಾನು. ಶಾಲೆಗೆ ಹೊರಡುವ ಗಡಿಬಿಡಿ. ಅವಳು ದಾರಿ ಬಿಡಲಿಲ್ಲ.

"ಕುಸುಮಾ ಮನೇಲಿ ದೊಡ್ಡಕೆ ಓದ್ತದೆ. ಮರಕ್ಕೆ ಅನ್ನ ಮಾಡೂದು ಎಲೆ, ಅದಕ್ಕೆ ಬಿಸಿಲು ಬೇಕು ಅಂತ. ನೀವೇ ಬರೆಸಿದ್ದಂತೆ. ಆ ಮಾತು ಖರೇನೋ, ಪರೀಕ್ಷೆಗೆ ಮಾತ್ರವೋ?"

ನನಗೆ ಕೆಂಡದಂಥ ಕೋಪ ಬಂತು. ಸೊಪ್ಪು ಮಾರುವವಳು ನನಗೆ ಪಾಠ ಹೇಳುವುದೋ ಅಂತ ಕೂಗಿದೆ. ಹೌದು, ಇದೇ ಮಾತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಒಳಗಿಂದ ಕಲಾವತಿ ಬಂದು ಅವಳನ್ನು ಕರೆದು ಕೂರಿಸಿ ಚಾ ಕೊಟ್ಟಳು. ಆಮೇಲೆ ನನ್ನತ್ತ ತಿರುಗಿ, ಅವಳು ಕೇಳಿದ್ದು ಪ್ರಶ್ನೆ, ನೀವು ಕೊಟ್ಟದ್ದು ಬೊಬ್ಬೆ, ಉತ್ತರ ಇನ್ನೂ ಬರಲಿಲ್ಲ ಅಂದಳು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟೆ. ಆ ದಿನ ತರಗತಿಯಲ್ಲಿ ಕುಸುಮಾಳ ಮುಖ ನೋಡಲು ನನ್ನಿಂದಾಗಲಿಲ್ಲ.

ಹತ್ತು ದಿನ ಕಳೆದು, ಮಧ್ಯಾಹ್ನ ಎರಡೂವರೆಗೆ ಪ್ಯೂನ್ ಬೀರಾ ಬಂದು, ಗೇಟಿನಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ, ನೀವು ಬರದೆ ಹೋಗುವುದಿಲ್ಲವಂತೆ ಅಂದ. ಯಾರು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಗಂಗೆಯ ಕೈಯಲ್ಲಿ ಒಂದು ಒದ್ದೆ ಬಟ್ಟೆ. ಬಿಡಿಸಿದರೆ ಒಳಗೆ ಒಂದು ಮಾವಿನ ಎಲೆ. ನಡುವಿನ ನರದಿಂದ ಆಚೆ ಕೆಂಪು ಧೂಳು ಮೆತ್ತಿದ್ದು, ಈಚೆ ಹಸಿರು ಹೊಳೆಯುತ್ತಿದ್ದುದು. ರಸ್ತೆ ಬದಿಯ ಒಂದು ಎಲೆಯನ್ನು ಆರಿಸಿ ಹತ್ತು ದಿನ ಅರ್ಧ ಮಾತ್ರ ಒರೆಸಿದ್ದಳು, ಇನ್ನರ್ಧಕ್ಕೆ ಬೆರಳು ತಾಗಿಸಿರಲಿಲ್ಲ. ಎಲೆಯಲ್ಲಿ ಅನ್ನ ಆಗಿದೆಯೋ ಇಲ್ಲವೋ ಅಂತ ನೋಡುವ ಔಷಧಿ ಶಾಲೆಯಲ್ಲಿ ಇರುತ್ತದೆ ಅಂತ ಕುಸುಮಾ ಹೇಳಿದ್ದಳಂತೆ. ಅದು ನನ್ನ ನೋಟ್ಸಿನಲ್ಲೇ ಇತ್ತು. ಪ್ರಯೋಗ, ಬೇಕಾಗುವ ಸಾಮಗ್ರಿ, ವಿಧಾನ, ತೀರ್ಮಾನ. ಇಪ್ಪತ್ತು ವರ್ಷ ಬರೆಸಿದ್ದೆ, ಒಂದು ದಿನವೂ ಮಾಡಿ ತೋರಿಸಿರಲಿಲ್ಲ. ಬೀರುವಿನ ಬೀಗದ ಕೈ ಎಲ್ಲಿದೆ ಅಂತ ಹುಡುಕುವುದಕ್ಕೇ ಅರ್ಧ ಗಂಟೆ ಹೋಯಿತು.

ಒಂಬತ್ತನೆಯ ತರಗತಿಯ ಮಕ್ಕಳೆಲ್ಲ ಮೇಜಿನ ಸುತ್ತ ನಿಂತರು. ಗಂಗೆ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ನಾನು ಮುಂದೆ ಕರೆದೆ. ಮೊದಲು ಧೂಳು ತೊಳೆದು, ಯಾವ ಬದಿ ಯಾವುದು ಅಂತ ಮರೆಯದ ಹಾಗೆ ಒರೆಸಿದ ಬದಿಯ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿದೆ. ಎಲೆಯನ್ನು ನೀರಿನಲ್ಲಿ ಕುದಿಸಿದೆ. ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್ ತುಂಬಿದ ಗಾಜಿನ ನಳಿಗೆ ಇಟ್ಟು ಅದರಲ್ಲಿ ಎಲೆ ಮುಳುಗಿಸಿದೆ. ಮಾವಿನ ಎಲೆ ದಪ್ಪ ಚರ್ಮದ್ದು, ಬೇಗ ಜಗ್ಗುವುದಿಲ್ಲ. ಶಾಲೆ ಬಿಡುವ ಗಂಟೆ ಹೊಡೆಯಿತು, ಯಾರೂ ಹೋಗಲಿಲ್ಲ. ಕೊನೆಗೂ ಹಸಿರೆಲ್ಲ ಸ್ಪಿರಿಟ್ಟಿಗೆ ಇಳಿದು ಎಲೆ ಹಳೆಯ ಕಾಗದದ ಬಣ್ಣಕ್ಕೆ ಬಂತು. ಬಿಳಿ ತಟ್ಟೆಯಲ್ಲಿ ಹರಡಿ ಮೇಲೆ ಅಯೋಡಿನ್ ಹನಿಸಿದೆ. ಪಿಷ್ಟ ಇದ್ದಲ್ಲಿ ಅಯೋಡಿನ್ ಕಪ್ಪುನೀಲಿಯಾಗುತ್ತದೆ. ಪಿಷ್ಟ ಅಂದರೆ ಎಲೆ ಆ ದಿನ ಬಿಸಿಲಿನಲ್ಲಿ ಮಾಡಿಟ್ಟ ಅನ್ನವೇ.

ಕಚ್ಚು ಹಾಕಿದ ಬದಿ ನಿಧಾನವಾಗಿ ಕಪ್ಪಾಯಿತು. ಇನ್ನೊಂದು ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಮಸುಕು ಕಲೆ ಬಿಟ್ಟರೆ ಅಯೋಡಿನ್ನಿನ ಕಂದು ಬಣ್ಣ ಹಾಗೇ ಉಳಿಯಿತು. ನಡುವೆ ನರ ಗೆರೆ ಎಳೆದ ಹಾಗೆ. ಗಂಗೆ ತಟ್ಟೆಯ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದಳು.

"ಈ ಬದಿ ಉಪಾಸ ಬಿದ್ದದೆ," ಅಂದಳು.

ಹೊಟ್ಟೆಗೆ ಇಲ್ಲದೆ ನಿಂತ ಮರಕ್ಕೆ ನಾನು ಉಪ್ಪು ಹಾಕಿಸಿದ್ದೆ, ಕೊನೆಗೆ ಅದು ಕೆಲಸಕ್ಕೆ ಬಾರದ್ದು ಅಂತ ಕಡಿಯಲು ಕೊಟ್ಟಿದ್ದೆ. ಅಂದು ಸಂಜೆಯೇ ಬಾಳೆಗುಳಿಗೆ ಹೋಗಿ ತುಳಸಿದಾಸನಿಗೆ ಒಂದು ವರ್ಷ ತಡೆ ಅಂದೆ. ಅವನು ರೇಗಿದ, ಮಾಸ್ತರರ ಮಾತಿಗೆ ಬೆಲೆ ಇಲ್ಲವೇ ಅಂದ. ಕಡೆಗೆ ಒಂದು ಒಪ್ಪಂದವಾಯಿತು. ಮುಂದಿನ ವರ್ಷದ ಮೇ ತಿಂಗಳಿಗೆ ಮರ ಹಣ್ಣು ಕೊಟ್ಟರೆ ಮರವೂ ಮನೆಯೂ ಗಂಗೆಗೆ ಇದ್ದ ಹಾಗೇ ಇರಬೇಕು. ಕೊಡದಿದ್ದರೆ ನಾನು ತುಟಿ ಬಿಚ್ಚಬಾರದು. ಗಂಗೆಗೆ ಹೇಳಿದೆ. ಅವಳು ಆಯ್ತು ಅಂದಳು, ಅಷ್ಟೇ.

ಆ ವರ್ಷದ ಮಳೆ ಮರವನ್ನು ತಾನೇ ತೊಳೆದು ಕೊಟ್ಟಿತು. ಸೆಪ್ಟೆಂಬರ್ ಕೊನೆಗೆ ಮಳೆ ನಿಂತು ಲಾರಿಗಳು ಮತ್ತೆ ಶುರುವಾದವು. ಗಂಗೆಯೂ ಶುರುಮಾಡಿದಳು. ಮಾವಿನಕಾಯಿ ಕೊಯ್ಯುವ ಉದ್ದ ಬಿದಿರಿನ ದೋಟಿ ಇರ್ತದಲ್ಲ, ಅದರ ತುದಿಯ ಬಲೆ ಬಿಚ್ಚಿ, ಹಳೆಯ ಸೀರೆಯ ತುಂಡು ಸುತ್ತಿದಳು. ಬಾವಿಯಿಂದ ನೀರು ಸೇದಿ, ಅರಿವೆ ಅದ್ದಿ, ಕತ್ತು ಎತ್ತಿ, ಒಂದೊಂದೇ ಗೊಂಚಲು ಒರೆಸುವುದು. ಒಂದೇ ದಿನಕ್ಕೆ ಇಡೀ ಮರ ಸಾಧ್ಯವಿಲ್ಲ. ಮರವನ್ನು ನಾಲ್ಕು ಪಾಲು ಮಾಡಿದಳು. ಇವತ್ತು ರಸ್ತೆ ಬದಿ, ನಾಳೆ ಬಾವಿ ಬದಿ, ಹೀಗೆ. ಐದನೆಯ ದಿನ ಮತ್ತೆ ರಸ್ತೆ ಬದಿ, ಅಷ್ಟರಲ್ಲಿ ಅದು ಮೊದಲಿನಷ್ಟೇ ಕೆಂಪು. ದಿನಾ ಬೆಳಿಗ್ಗೆ ಎರಡು ತಾಸು ಇದು, ಆಮೇಲೆ ಕೂಲಿ ಇಲ್ಲವೇ ಪೇಟೆ. ಅವಳ ಕೈಗೆಟುಕದ ಮೇಲಿನ ಕೊಂಬೆಗಳಿಗೆ ಜಟ್ಟ ಹತ್ತುತ್ತಿದ್ದ, ಸೊಂಟಕ್ಕೆ ನೀರಿನ ಡಬ್ಬ ಕಟ್ಟಿಕೊಂಡು.

ಊರವರಿಗೆ ಒಳ್ಳೆಯ ತಮಾಷೆಯಾಯಿತು. ಗಂಗೆ ಮರಕ್ಕೆ ಮೀಯಿಸ್ತಾಳೆ, ಇನ್ನು ತಲೆ ಬಾಚಿ ಹೂ ಮುಡಿಸುವುದೊಂದು ಬಾಕಿ ಅಂತ ಬಸ್ಸಿನಲ್ಲಿ ಮಾತು. ಲಾರಿಯವರು ಹಾರ್ನ್ ಹೊಡೆದು ಕೈ ಬೀಸುತ್ತಿದ್ದರು. ತುಳಸಿದಾಸ ಹೋಗುವಾಗ ಬರುವಾಗ ಗಾಡಿ ನಿಲ್ಲಿಸಿ, ಸಾಬೂನು ಬೇಕೇನು ಗಂಗೂ ಅಂತ ಕೇಳುತ್ತಿದ್ದನಂತೆ. ಅವಳು ಒಬ್ಬರಿಗೂ ಉತ್ತರ ಕೊಡಲಿಲ್ಲ, ಉತ್ತರ ಕೊಡುವ ಹೊತ್ತಿಗೆ ಹತ್ತು ಎಲೆ ಒರೆಸಬಹುದು ಅಂತ ಆಮೇಲೆ ಹೇಳಿದಳು.

ನವೆಂಬರ್ ಮೊದಲ ವಾರವೇ ಜಟ್ಟ ಕೊಂಬೆಯಿಂದ ಜಾರಿದ. ಪುಣ್ಯಕ್ಕೆ ಹುಲ್ಲಿನ ರಾಶಿಯ ಮೇಲೆ ಬಿದ್ದ. ಪಾದ ಊದಿ ಎರಡು ತಿಂಗಳು ನೆಲಕ್ಕೆ ಊರಲಾಗಲಿಲ್ಲ. ನಾನು ನೋಡಲು ಹೋದಾಗ ಅವನು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಗಂಗೆ ಏಣಿಯ ಮೇಲೆ ನಿಂತು ದೋಟಿ ಚಾಚಿದ್ದಳು, ಹೆಗಲಿಗೆ ಯಾವುದೋ ಎಣ್ಣೆಯ ಪಟ್ಟಿ. ಸಾಕು ಮಾರಾಯ್ತಿ, ಇನ್ನೊಂದು ವರ್ಷ ನಾನೇ ತುಳಸಿದಾಸನ ಕಾಲು ಹಿಡಿದಾದರೂ ಕೇಳ್ತೆ ಅಂದೆ. ಅವಳು ಇಳಿಯಲಿಲ್ಲ. ನೀವು ಯಾರ ಕಾಲೂ ಹಿಡೀಬೇಡಿ, ಏಣಿ ಹಿಡೀರಿ ಅಂದಳು. ಹಿಡಿದೆ. ಆಮೇಲೆ ಭಾನುವಾರಗಳಂದು ಹೋಗಿ ಹಿಡಿಯುತ್ತಿದ್ದೆ, ಕಲಾವತಿ ಕೊಟ್ಟ ಅವಲಕ್ಕಿಯ ಡಬ್ಬವನ್ನೂ ಒಯ್ಯುತ್ತಿದ್ದೆ. ಆದರೆ ಜಟ್ಟ ಹತ್ತುತ್ತಿದ್ದ ಎತ್ತರಕ್ಕೆ ನಮ್ಮಿಬ್ಬರಿಗೂ ಸಾಧ್ಯವಾಗಲಿಲ್ಲ. ನೆತ್ತಿಯ ಕೊಂಬೆಗಳು ಕೆಂಪಾಗಿಯೇ ಉಳಿದವು.

ಜನವರಿಯ ಮೊದಲ ವಾರ ಮರ ಹೂ ಬಿಟ್ಟಿತು. ಅವತ್ತೇ ಗಂಗೆ ನೀರು ನಿಲ್ಲಿಸಿದಳು, ಹೂವಿಗೆ ನೀರು ತಾಗಿದರೆ ಕರಕಾಗುತ್ತದೆ ಅಂತ. ಅದರ ಬದಲು ತೆಂಗಿನ ಮಡಲು ಹೆಣೆದು ರಸ್ತೆ ಬದಿಗೆ ಎತ್ತರದ ತಟ್ಟಿ ಕಟ್ಟಿದಳು. ಸಂಜೆ ಸಂಜೆ ತಟ್ಟಿಗೂ ರಸ್ತೆಯ ಅಂಚಿಗೂ ನೀರು ಚಿಮುಕಿಸುತ್ತಿದ್ದಳು. ಹೂವು ಮಿಡಿಯಾಗುವ ತನಕ ಅವಳ ಮುಖದಲ್ಲಿ ನಗು ಕಂಡವರಿಲ್ಲ.

ಮೇ ಎರಡನೆಯ ವಾರ ತುಳಸಿದಾಸನೂ ನಾನೂ ಒಟ್ಟಿಗೆ ಸುಂಕಸಾಳಕ್ಕೆ ಹೋದೆವು. ಬಸ್ಸು ಇಳಿದು ತಲೆ ಎತ್ತಿದವನು ನಾನು ಅಲ್ಲೇ ನಿಂತುಬಿಟ್ಟೆ. ಮರ ಕಾಯಿಗಳಿಂದ ಜಗ್ಗಿತ್ತು. ಆದರೆ ಒಂದು ಎತ್ತರದ ತನಕ ಮಾತ್ರ. ಏಣಿಯ ಮೇಲೆ ಒಂದು ಹೆಂಗಸು ನಿಂತು, ಕೈ ಎತ್ತಿ, ದೋಟಿ ಚಾಚಿದರೆ ಎಷ್ಟು ಎತ್ತರವೋ ಅಷ್ಟು. ಅಲ್ಲಿಂದ ಮೇಲೆ ಒಂದು ಕಾಯಿಯೂ ಇಲ್ಲ. ಮರದ ಸುತ್ತ ಹಗ್ಗ ಕಟ್ಟಿ ಗುರುತು ಮಾಡಿದ ಹಾಗಿತ್ತು. ನನ್ನ ಕಣ್ಣು ತುಂಬಿತು, ಧೂಳು ಬಿತ್ತು ಅಂತ ಒರೆಸಿಕೊಂಡೆ.

ತುಳಸಿದಾಸ ಸುಲಭಕ್ಕೆ ಬಿಡುವವನಲ್ಲ. ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುತ್ತದೆ, ಇದು ಅದರ ಸರದಿ, ಇವಳು ಒರೆಸಿದ್ದಕ್ಕೂ ಇದಕ್ಕೂ ಏನೂ ಇಲ್ಲ ಅಂದ. ನೆತ್ತಿಯೆಲ್ಲ ಬೋಳು, ಇದಕ್ಕೆ ಹಣ್ಣು ಕೊಟ್ಟಿತು ಅನ್ನುತ್ತಾರೆಯೇ ಅಂತಲೂ ಕೇಳಿದ. ಆಗ ನನಗೆ ಬಂದ ಕೋಪ ಉಂಟಲ್ಲ, ಜೀವಮಾನದಲ್ಲಿ ಸರಿಯಾದ ಜಾಗಕ್ಕೆ ಬಂದದ್ದು ಅದೊಂದೇ.

"ಸರದಿ ಮರಕ್ಕೋ, ಕೊಂಬೆಗೋ? ಒರೆಸಿದ ಕಡೆ ಸರದಿ, ಒರೆಸದ ಕಡೆ ಇಲ್ಲ ಅಂದರೆ ಅದು ಯಾವ ಸರದಿಯೋ? ಈ ಮರ ಇಲ್ಲೇ ಇರ್ತದೆ. ಈ ಮನೆಯೂ ಇರ್ತದೆ."

ಅವನು ಗೊಣಗುತ್ತ ಹೋದ. ಜಟ್ಟ ಜಗಲಿಯಿಂದ ಎದ್ದು ಬಂದು ಮರದ ಕಾಂಡಕ್ಕೆ ಕೈ ಇಟ್ಟು ನಿಂತ. ಈ ಸಲ ಕಾಗದದ ಮೇಲೆ ಬರೆದುಕೊಡ್ತೆ, ನನ್ನ ನಂತರವೂ ಯಾರೂ ಏಳಿಸಬಾರದು ಅಂತ ನಾನು ಗಂಗೆಗೆ ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೇ ಕೈ ಮುಗಿಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನನ್ನು ನೋಡಲೇ ಇಲ್ಲ. ಕತ್ತು ಎತ್ತಿ ನೆತ್ತಿಯನ್ನು ನೋಡುತ್ತಿದ್ದಳು.

"ಮೇಲಿಂದು ಇನ್ನೂ ಉಪಾಸವೇ ಅದೆ, ಮಾಸ್ತರೇ. ಇದಕ್ಕಿಂತ ಉದ್ದದ ದೋಟಿ ಬೇಕು."

ಆ ವರ್ಷ ಮಳೆ ನಿಂತ ಕೂಡಲೇ ನಮ್ಮ ಮನೆಯ ಹಿಂದಿನ ಬಿದಿರಿನ ಮೆಳೆಯಲ್ಲಿ ಎಲ್ಲಕ್ಕಿಂತ ಉದ್ದದ್ದನ್ನು ನಾನೇ ಕಡಿದೆ. ನಮ್ಮೂರ ಟೆಂಪೋದವನು ಬಾಳೆಗುಳಿಯ ತನಕ ತಂದು ಇಳಿಸಿದ. ಮುಂದೆ ಬಸ್ಸಿನ ಕಂಡಕ್ಟರ್, ಇದನ್ನು ಹತ್ತಿಸುವುದು ಸಾಧ್ಯವೇ ಇಲ್ಲ ಅಂದ. ನಾನು ಬಿದಿರು ಅಡ್ಡ ಇಟ್ಟುಕೊಂಡು ಬಸ್ಸಿನ ಮುಂದೆ ಹೋಗಿ ಕೂತೆ, ಗಂಗೆ ಕೂತ ಹಾಗೆಯೇ. ಒಳಗೆ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿಗಳು ಮಾಸ್ತರರಿಗೆ ಏನೋ ಆಗಿದೆ ಅಂದುಕೊಂಡಿರಬೇಕು. ಕಂಡಕ್ಟರ್ ಜಗ್ಗಲಿಲ್ಲ, ನಾನೂ ಏಳಲಿಲ್ಲ. ಹಿಂದೆ ಗಾಡಿಗಳ ಸಾಲು ಬೆಳೆಯಿತು. ಆ ಸಾಲಿನಲ್ಲಿ ಬಂದರಿನಿಂದ ಖಾಲಿ ಬರುತ್ತಿದ್ದ ಒಂದು ಅದಿರಿನ ಲಾರಿ ಇತ್ತು. ಅದರ ಡ್ರೈವರ್ ಇಳಿದು ಬಂದು, ಏನು ಸಮಾಚಾರ, ಈ ಬಿದಿರು ಯಾಕೆ ಅಂತ ಕೇಳಿದ. ನೀವು ನಮ್ಮ ಮರದ ಮೇಲೆ ಹಾಕಿ ಹೋಗುವುದನ್ನು ಒರೆಸಲಿಕ್ಕೆ ಅಂದೆ. ಅವನು ನನ್ನನ್ನೂ ಬಿದಿರನ್ನೂ ನೋಡಿದ, ಯಾವ ಮರ ಅಂತ ಕೇಳಿದ. ಸುಂಕಸಾಳದ ಮಾವಿನ ಮರ ಅಂದಾಗ, ಓ ಆ ಅಮ್ಮನದೋ ಅಂದ. ಬಗ್ಗಿ ಬಿದಿರಿನ ಒಂದು ತುದಿ ಎತ್ತಿದ.

ಹಾಗೆ ಆ ದೋಟಿ ಅದಿರಿನ ಲಾರಿಯಲ್ಲಿ ಸುಂಕಸಾಳಕ್ಕೆ ಬಂತು. ಗಂಗೆ ಬಾವಿಯ ಕಟ್ಟೆಯಿಂದ ಓಡಿ ಬಂದು, ಏಣಿ ಹತ್ತಿ, ಬಿದಿರನ್ನು ನೆಟ್ಟಗೆ ಎತ್ತಿ, ನೆತ್ತಿಯ ಕೊಂಬೆಗೆ ಮುಟ್ಟಿಸಿ ನೋಡಿದಳು. ತಾಗಿತು. ಅವಳು ನಕ್ಕಳು, ಎರಡು ವರ್ಷದಲ್ಲಿ ನಾನು ಮೊದಲ ಸಲ ನೋಡಿದ ನಗು. ಆಮೇಲೆ ಕೆಳಗಿಳಿದು, ಅರಿವೆ ಅದ್ದಿ ಬಿದಿರಿನ ತುದಿಗೆ ಸುತ್ತಿ, ದೋಟಿಯನ್ನು ನನ್ನ ಕೈಗೆ ಕೊಟ್ಟು, ತಾನು ಏಣಿ ಹಿಡಿದು ನಿಂತಳು.